ಅಕ್ಕನ ಪಾಲು

ಕನ್ನಡದಲ್ಲಿ ‘ಹಂಚಿಕೊಳ್ಳುವುದು’ ಎಂಬ ಒಂದೇ ಮಾತು ಎರಡು ವಿರುದ್ಧ ಕೆಲಸಗಳನ್ನು ಮಾಡುತ್ತದೆ. ಅಪ್ಪನ ಎರಡು ಎಕರೆ ಹೊಲವನ್ನು ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರಿಗೆ ಒಂದೊಂದೇ ಎಕರೆ. ಅದೇ ಇಬ್ಬರು ಒಂದು ತಮಾಷೆಯನ್ನು ಹಂಚಿಕೊಂಡರೆ ಯಾರಿಗೂ ಅರ್ಧ ನಗೆ ಸಿಗುವುದಿಲ್ಲ, ಇಬ್ಬರಿಗೂ ಇಡಿಯಾಗಿಯೇ ಸಿಗುತ್ತದೆ. ಮೊದಲನೆಯದಕ್ಕೆ ಪಾಲು ಎನ್ನುತ್ತೇವೆ. ಎರಡನೆಯದಕ್ಕೆ ಬೇರೆ ಹೆಸರು ಹುಡುಕಿದೆ, ‘ಪ್ರಸಾದ’ ಎಂಬುದು ಹತ್ತಿರ ಬರುತ್ತದೆ. ಚಿಟಿಕೆಯಷ್ಟೇ ಸಿಕ್ಕರೂ ಯಾರೂ ಕಡಿಮೆ ಬಂತು ಎನ್ನುವುದಿಲ್ಲವಲ್ಲ.

ಈ ವ್ಯತ್ಯಾಸ ನನಗೆ ಬರೀ ಶಬ್ದದ ಆಟವಲ್ಲ. ನಾವು ಇಬ್ಬರೇ ಅಕ್ಕತಂಗಿಯರು, ಅಣ್ಣತಮ್ಮಂದಿರಿಲ್ಲ. ಊರು ರಾಣೇಬೆನ್ನೂರಿನ ಕಡೆ. ನಾನು ಕೆಲಸ ಹಿಡಿದು ಪುಣೆಗೆ ಬಂದೆ, ಅಕ್ಕ ಊರಲ್ಲೇ ಉಳಿದಳು. ಅವ್ವ ಹಾಸಿಗೆ ಹಿಡಿದ ಮೂರು ವರ್ಷ ಅವಳನ್ನು ನೋಡಿಕೊಂಡದ್ದು ಅಕ್ಕ. ನಾನು ಪುಣೆಯಲ್ಲಿದ್ದದ್ದು ತಪ್ಪೆಂದು ಅವಳೂ ಹೇಳಿಲ್ಲ, ನಾನೂ ಹಾಗೆ ಅಂದುಕೊಂಡಿಲ್ಲ. ಔಷಧಿಗೆ, ಆಸ್ಪತ್ರೆಗೆ ದುಡ್ಡು ಬೇಕಿತ್ತು, ಅದು ನನ್ನ ಸಂಬಳದಿಂದ ಹೋಗುತ್ತಿತ್ತು. ಆದರೆ ರಾತ್ರಿ ಎರಡು ಗಂಟೆಗೆ ಮಗ್ಗಲು ಬದಲಿಸುವ ಕೈ ಸಂಬಳದಿಂದ ಹೋಗುವುದಿಲ್ಲ. ಆ ಮೂರು ವರ್ಷದಲ್ಲಿ ಅಕ್ಕ ತನ್ನ ಹೊಲಿಗೆ ಅಂಗಡಿ ಮುಚ್ಚಿದಳು.

ಅವ್ವ ಹೋದ ಮೇಲೆ ಶುರುವಾದದ್ದು ನಮ್ಮ ಜೇಜುರಿ. ವರ್ಷಕ್ಕೊಮ್ಮೆ ಮಾರ್ಗಶಿರದಲ್ಲಿ, ಚಂಪಾ ಷಷ್ಠಿಯ ಆಸುಪಾಸಿಗೆ, ಅಕ್ಕ ಪುಣೆಗೆ ಬರುತ್ತಾಳೆ. ಎರಡು ದಿನ ನನ್ನ ಆರನೇ ಮಹಡಿಯ ಬಾಲ್ಕನಿಯ ಕುಂಡಗಳನ್ನು ಬೈಯುತ್ತಾಳೆ. ಮೂರನೇ ದಿನ ದಿವೇ ಘಾಟ್ ಹತ್ತಿ, ಸಾಸವಡದ ಮೇಲೆ ಐವತ್ತು ಕಿಲೋಮೀಟರಿನ ಹತ್ತಿರದ ದಾರಿ. ನಮ್ಮ ಮನೆದೇವರು ದೇವರಗುಡ್ಡದ ಮೈಲಾರ. ಜೇಜುರಿಯ ಖಂಡೋಬಾ ಅವನೇ. ಅಲ್ಲಿಯ ಮರಾಠಿ ಜನ ‘ಯೆಳಕೋಟ ಯೆಳಕೋಟ’ ಎಂದು ಭಂಡಾರ ತೂರುವಾಗ ಅದು ನಮ್ಮ ಗೊರವರ ‘ಏಳು ಕೋಟಿ’ಯೇ ಎಂದು ಅಕ್ಕನಿಗೆ ಯಾವ ವಿದ್ವಾಂಸರೂ ಹೇಳಬೇಕಾಗಲಿಲ್ಲ. ಮೊದಲ ಸಲ ಕೇಳಿದಾಗಲೇ ಪಕ್ಕದ ಹೆಂಗಸಿಗೆ ಕನ್ನಡದಲ್ಲಿ ಅರ್ಥ ವಿವರಿಸಿಬಿಟ್ಟಳು. ಆಕೆಯೂ ಮರಾಠಿಯಲ್ಲಿ ಒಪ್ಪಿದಳು. ಪುಣೆಯಲ್ಲಿ ಇಷ್ಟು ವರ್ಷವಿದ್ದೂ ಲಿಫ್ಟಿನಲ್ಲಿ ಯಾರೊಂದಿಗೂ ನನಗೆ ಅಷ್ಟು ಮಾತು ಸಾಧ್ಯವಾಗಿಲ್ಲ.

ಈ ಪ್ರವಾಸದಲ್ಲಿ ಭಕ್ತಿ ಎಷ್ಟು, ಖುಷಿ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಸಾಸವಡದ ಸುತ್ತಿನ ಪುರಂದರ ಸೀಮೆ ಅಂಜೂರಕ್ಕೆ, ಸೀತಾಫಲಕ್ಕೆ ಹೆಸರಾದದ್ದು. ರಸ್ತೆ ಬದಿ ಬುಟ್ಟಿ ಕಂಡಲ್ಲೆಲ್ಲ ಗಾಡಿ ನಿಲ್ಲಿಸಬೇಕು. ಅಕ್ಕ ಹಣ್ಣಿನ ರೇಟಿಗಿಂತ ಮೊದಲು ಗಿಡದ ವಯಸ್ಸು ಕೇಳುತ್ತಾಳೆ, ಬೀಜ ಉಗುಳಿ ಕರವಸ್ತ್ರದಲ್ಲಿ ಕಟ್ಟುತ್ತಾಳೆ. ಜೇಜುರಿಯ ಖಾನಾವಳಿಯಲ್ಲಿ ಪಿಠಲೆ ಭಾಕರಿ ತರಿಸಿ, ಇದು ನಮ್ಮ ಝುಣಕವೇ ಆದರೆ ಗಟ್ಟಿಯಿಲ್ಲ ಎಂದು ತೀರ್ಪು ಕೊಡುತ್ತಾಳೆ. ಚಂಪಾ ಷಷ್ಠಿಗೆ ಖಂಡೋಬನಿಗೆ ಸುಟ್ಟ ಬದನೆಯ ಭರತವೂ ರೋಡಗಾ ಎಂಬ ದಪ್ಪ ರೊಟ್ಟಿಯೂ ನೈವೇದ್ಯ. ಚಾತುರ್ಮಾಸದಲ್ಲಿ ಬದನೆ, ಈರುಳ್ಳಿ ಬಿಟ್ಟ ಎಷ್ಟೋ ಮನೆಗಳವರು ಅಂದು ವ್ರತ ಬಿಡುತ್ತಾರೆ. ತಿಂಗಳುಗಟ್ಟಲೆ ಬಾಯಿ ಕಟ್ಟಿ, ಕೊನೆಗೆ ದೇವರೇ ಮೊದಲ ತುತ್ತು ಬದನೆ ತಿನ್ನುವ ಧರ್ಮ ನನಗೆ ಬಹಳ ಇಷ್ಟ. ನಾಲಿಗೆಯ ಸುಖವನ್ನು ಅದು ಬೈಯುವುದಿಲ್ಲ, ಬರೀ ಕಾಯಿಸುತ್ತದೆ.

ತತ್ವಜ್ಞಾನಿಗಳು ಇಂಥ ಸುಖಕ್ಕೆ ದೊಡ್ಡ ಮಣೆ ಹಾಕಿಲ್ಲ. ಅರಿಸ್ಟಾಟಲ್ ಸ್ನೇಹವನ್ನು ಮೂರು ಬಗೆ ಮಾಡಿ, ಉಪಯೋಗದ್ದು ಮತ್ತು ಸುಖದ್ದು ಎರಡನ್ನೂ ಕೆಳಗಿಟ್ಟು, ಗುಣಕ್ಕಾಗಿ ಮಾಡುವ ಸ್ನೇಹವನ್ನು ಮೇಲಿಟ್ಟ. ಎಪಿಕ್ಯೂರಸ್ ಅಥೆನ್ಸಿನಲ್ಲಿ ತೋಟವೊಂದನ್ನು ಕೊಂಡು, ಗಂಡಸರು, ಹೆಂಗಸರು, ಗುಲಾಮರು ಎನ್ನದೆ ಎಲ್ಲರನ್ನೂ ಕೂರಿಸಿಕೊಂಡು, ಒಂದಿಷ್ಟು ಗಿಣ್ಣು ಕಳಿಸಿದರೆ ಹಬ್ಬ ಮಾಡುತ್ತೇನೆಂದು ಗೆಳೆಯನಿಗೆ ಬರೆದ. ಅವನಿಗೆ ಹೊಟ್ಟೆಬಾಕನೆಂದು ಹೆಸರು ಬಂತು. ಅಕ್ಕತಂಗಿಯರ ವಿಷಯದಲ್ಲಿ ನನಗೆ ಅರಿಸ್ಟಾಟಲನ ಏಣಿ ಕೆಲಸ ಮಾಡುವುದಿಲ್ಲ. ನಾವು ಒಬ್ಬರನ್ನೊಬ್ಬರು ಗುಣ ನೋಡಿ ಆರಿಸಿಕೊಂಡವರಲ್ಲ. ಆರಿಸಿಕೊಂಡದ್ದೇನಾದರೂ ಇದ್ದರೆ ಅದು ಈ ಬದನೆ, ಈ ಬೀಜ, ಈ ದಾರಿ.

ಎರಡನೇ ವರ್ಷ ಮೆಟ್ಟಿಲ ಮೇಲೆ ಕೂತಿದ್ದಾಗ ಅಕ್ಕನಿಗೆ ಹೇಳಿದೆ, “ನೀ ಅವ್ವಗ ಮಾಡಿದ್ದಕ್ಕ ನಾ ಇಷ್ಟರೆ ಮಾಡಬೇಕಲ್ಲ.” ಅವಳು ಕೊಬ್ಬರಿ ಅಗಿಯುವುದನ್ನು ನಿಲ್ಲಿಸಲಿಲ್ಲ. “ಸಾಲಾ ತೀರ್ಸಾಕ ಕರ್ಕೊಂಡ್ ಬಂದಿದ್ರ ಬಡ್ಡಿ ಎಷ್ಟ ಹಿಡದಿ ಹೇಳು. ಇಲ್ಲಾಂದ್ರ ಸುಮ್ನ ತಿನ್ನು.”

ನಾನು ಸುಮ್ಮನೆ ತಿಂದೆ. ಆದರೆ ಪ್ರಶ್ನೆ ಉಳಿಯಿತು. ಹುಟ್ಟುತ್ತಲೇ ಮನುಷ್ಯ ಋಷಿಋಣ, ದೇವಋಣ, ಪಿತೃಋಣ ಎಂಬ ಮೂರು ಸಾಲ ಹೊತ್ತು ಬರುತ್ತಾನೆ ಎನ್ನುತ್ತದೆ ವೇದ. ಆ ಪಟ್ಟಿಯಲ್ಲಿ ಅಕ್ಕನ ಋಣ ಇಲ್ಲ. ಪಿತೃಋಣವನ್ನು ಇಬ್ಬರ ಪರವಾಗಿ ಒಬ್ಬಳೇ ತೀರಿಸಿದರೆ ಉಳಿದವಳ ಖಾತೆ ಏನಾಯಿತು?

ಜೇಜುರಿ ಈ ಪ್ರಶ್ನೆಗೆ ಸಿಹಿಯಾದ ಜಾಗವಲ್ಲ. ಮೇಲೆ ಗುಡಿಯಲ್ಲಿ ಖಂಡೋಬನ ಜೊತೆ ಇರುವವಳು ಮ್ಹಾಳಸಾ, ಲಿಂಗಾಯತ ವ್ಯಾಪಾರಿಯ ಮಗಳು. ಬೆಟ್ಟದ ಅರ್ಧದಲ್ಲಿ, ಮೆಟ್ಟಿಲ ದಾರಿಯಲ್ಲಿ, ಇರುವವಳು ಬಾಣಾಯಿ, ಕುರಿಗಾಹಿಗಳ ಮಗಳು, ಎರಡನೆಯವಳು. ನಮ್ಮ ಕಡೆ ಇವರು ಗಂಗಿಮಾಳವ್ವ, ಕುರುಬತ್ಯೆವ್ವ. ಇವರಿಬ್ಬರೂ ಊಟ, ಮಡಿ, ಜಾತಿ ಎಂದು ಜಗಳವಾಡುವ ಹಾಡುಗಳೇ ಇವೆ. ಒಬ್ಬ ದೇವರನ್ನು ಹಂಚಿಕೊಂಡದ್ದು ಹೊಲ ಹಂಚಿಕೊಂಡ ಹಾಗೆ. ಅಕ್ಕ ಬಾಣಾಯಿಯ ಹತ್ತಿರ ಜಾಸ್ತಿ ಹೊತ್ತು ಕೂರುತ್ತಾಳೆ. ಮಂಡಿನೋವಿನ ನೆಪ. “ಅರ್ಧಕ್ಕ ನಿಂತಾವ್ರಿಗೂ ಒಬ್ಬಾಕಿ ಬೇಕಲ್ಲ” ಎನ್ನುತ್ತಾಳೆ. ಪಕ್ಕದಲ್ಲೇ ಹೊಸ ಮದುಮಗ ರೂಢಿಯಂತೆ ಹೆಂಡತಿಯನ್ನು ಎತ್ತಿಕೊಂಡು ಐದು ಮೆಟ್ಟಿಲು ಹತ್ತಲು ಏದುಸಿರು ಬಿಡುತ್ತಿದ್ದರೆ ಅವಳಿಗೆ ನಗು ತಡೆಯುವುದಿಲ್ಲ.

ಇದೇ ಬೆಟ್ಟಕ್ಕೆ ಹರಕೆ ಹೊತ್ತ ತಂದೆತಾಯಿಗಳು ಹೆಣ್ಣುಮಕ್ಕಳನ್ನು ಖಂಡೋಬನಿಗೆ ಮದುವೆ ಮಾಡಿ ಮುರಳಿಯರನ್ನಾಗಿ ಬಿಡುತ್ತಿದ್ದರು. ಜೇಜುರಿಯನ್ನು 1976ರಲ್ಲಿ ಇಂಗ್ಲಿಷ್ ಕಾವ್ಯಕ್ಕೆ ತಂದ ಅರುಣ್ ಕೊಲಟ್ಕರ್ ಕೂಡ ಮುರಳಿಯನ್ನು ಕಾಣದೆ ದಾಟಲಿಲ್ಲ. ಹರಕೆ ಎಂದರೆ ದೇವರ ಸಾಲ. ಆ ಸಾಲವನ್ನು ಹೊತ್ತವರು ತೀರಿಸದೆ ಮಗಳ ಬದುಕಿನಿಂದ ತೀರಿಸಿದರು. ನಮ್ಮ ಮನೆಯಲ್ಲಿ ಯಾರೂ ಭಂಡಾರ ಹಚ್ಚಿ ಅಕ್ಕನನ್ನು ಬಿಡಲಿಲ್ಲ. ಆದರೂ ಅವ್ವನನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ನಮ್ಮಲ್ಲಿ ಎಂದೂ ಪ್ರಶ್ನೆಯಾಗಿ ಬರಲೇ ಇಲ್ಲ. ಊರಲ್ಲಿದ್ದವಳು ನೋಡಿಕೊಂಡಳು ಅಷ್ಟೆ. ಇದನ್ನು ಓದುತ್ತಿರುವ, ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ನಿಮ್ಮಲ್ಲಿ ಹಲವರ ಊರಿನ ಮನೆಯಲ್ಲೂ ಹೀಗೆ ‘ಅಷ್ಟೆ’ ಎನ್ನಿಸಿಕೊಂಡ ಒಬ್ಬರು ಇದ್ದಾರು.

ಹಾಗಾಗಿ ‘ಒಡಹುಟ್ಟಿದವರಲ್ಲಿ ಲೆಕ್ಕ ಯಾಕೆ’ ಎಂಬ ಮಾತಿನ ಮೇಲೆ ನನಗೆ ಗುಮಾನಿ. ಅದನ್ನು ಹೇಳುವವರು ಸಾಮಾನ್ಯವಾಗಿ ಬಾಕಿ ಇರುವವರೇ. ಕರ್ನಾಟಕ 1994ರಲ್ಲೇ, ಇಡೀ ದೇಶ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿತು. ಆಮೇಲೂ ಎಷ್ಟೋ ಅಕ್ಕತಂಗಿಯರು ಪ್ರೀತಿಯ ಹೆಸರಿನಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ರುಜು ಹಾಕುತ್ತಲೇ ಇದ್ದಾರೆ. ಪ್ರೀತಿ ಇರುವಲ್ಲಿ ಲೆಕ್ಕ ಬೇಡ ಎಂದರೆ, ಪ್ರೀತಿಸುವವರೇ ಸದಾ ಕಳೆದುಕೊಳ್ಳಬೇಕಾಗುತ್ತದೆ. ಅಕ್ಕ ಬಡ್ಡಿ ಕೇಳಿ ನನ್ನ ಬಾಯಿ ಮುಚ್ಚಿಸಿದ್ದು ಅವಳ ದೊಡ್ಡತನ ಹೌದು. ಆ ದೊಡ್ಡತನದಿಂದ ನನಗೆ ಲಾಭವಾಗುತ್ತಿತ್ತು ಎಂಬುದೂ ಹೌದು.

ಲೆಕ್ಕಕ್ಕೆ ಸಿಗುವುದನ್ನು ಲೆಕ್ಕ ಮಾಡಲೇಬೇಕು ಅನ್ನಿಸಿತು. ಸಮಪಾಲು ನಮ್ಮಿಬ್ಬರ ನಡುವೆ ನ್ಯಾಯವಲ್ಲ. ಮೂರನೇ ವರ್ಷ ಊರಿನ ಮನೆಯ ನನ್ನ ಅರ್ಧವನ್ನು ಅವಳ ಹೆಸರಿಗೆ ಬಿಟ್ಟು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ರುಜು ಹಾಕಿದೆ. ನಾನು ಗುಮಾನಿ ಪಡುವ ಅದೇ ಬಿಡುಗಡೆ ಪತ್ರ, ಆದರೆ ಇಲ್ಲಿ ಅದು ದುಡಿದವಳ ಕಡೆಗೆ ಹೋಯಿತು. ಅಕ್ಕ ಬೇಡ ಎನ್ನಲಿಲ್ಲ, ಕಣ್ಣೀರು ಹಾಕಲಿಲ್ಲ. “ಹ್ಞೂಂ, ಆತು” ಎಂದು ಕಾಗದ ಚೀಲಕ್ಕೆ ಹಾಕಿಕೊಂಡಳು. ಅದು ಉಡುಗೊರೆಯಲ್ಲ ಎಂದು ಅವಳಿಗೂ ಗೊತ್ತಿತ್ತು. ಇದರಿಂದ ಆ ರಾತ್ರಿಗಳ ಬೆಲೆ ಸಂದಾಯವಾಯಿತೇ? ಇಲ್ಲ. ಸಂದಾಯವಾಗದ್ದು ಉಳಿದೇ ಇದೆ. ಆದರೆ ಆಮೇಲಿನ ಜೇಜುರಿಯಲ್ಲಿ ಬದನೆ ಬರೀ ಬದನೆಯಾಯಿತು. ಅದರ ಮೇಲೆ ಮನೆಯ ಭಾರವಿರಲಿಲ್ಲ. ಉಪ್ಪು ಜಾಸ್ತಿಯಾಯಿತೆಂದು ನಾನು ಮೊದಲ ಸಲ ಅವಳೊಂದಿಗೆ ಜಗಳವಾಡಿದೆ. ಸಾಲಗಾರಳಾಗಿದ್ದಾಗ ಆ ಧೈರ್ಯ ಇರಲಿಲ್ಲ.

ಅದೇ ಸಲ ಅವಳು ಊರಿಂದ ಹಸಿ ಅರಿಶಿನದ ಗಡ್ಡೆ ತಂದಿದ್ದಳು. ಮುರಿದು ಅರ್ಧ ನನ್ನ ಕುಂಡಕ್ಕೆ, ಅರ್ಧ ವಾಪಸ್ ಅವಳ ಹಿತ್ತಲಿಗೆ. ಮುಂಗಾರಿಗೆ ನೆಟ್ಟರೆ ಎಂಟೊಂಬತ್ತು ತಿಂಗಳಿಗೆ ಕೀಳಬಹುದು. ಮುರಿದ ಎರಡು ತುಂಡೂ ಎರಡು ಬುಡವಾದವು. ಅವಳದ್ದು ಸೇರುಗಟ್ಟಲೆ ಬಂತು, ನನ್ನದು ಒಂದು ಮುಷ್ಟಿ. ಫೋಟೋ ಕಳಿಸಿದರೆ “ಶುಂಠಿ ಏನ ಅದು?” ಎಂದು ಕೇಳಿದಳು. ಸಾಸವಡದ ಸೀತಾಫಲದ ಬೀಜ ಅವಳಲ್ಲಿ ಸೊಂಟದೆತ್ತರ ಬಂದಿದೆ. ನನ್ನ ಬಾಲ್ಕನಿಯಲ್ಲಿ ಇನ್ನೂ ಏಳು ಎಲೆ. ಬೀಜದ ಗಿಡ ಕಾಯಿ ಬಿಡಲು ಮೂರು ನಾಲ್ಕು ವರ್ಷವಾದರೂ ಬೇಕು.

ಮನೆಯ ಮುಂದಿನ ಕೋಣೆಯಲ್ಲಿ ಅಕ್ಕ ಮತ್ತೆ ಹೊಲಿಗೆ ಮಷೀನು ಇಟ್ಟಿದ್ದಾಳೆ. ಈ ಸಲದ ಟಿಕೆಟ್ ತಾನೇ ತೆಗೆಸಿದ್ದಾಳಂತೆ, ಪುಣೆಯವರೆಗೆ ಬರದೆ ಜೇಜುರಿ ಸ್ಟೇಷನ್ನಿನಲ್ಲೇ ಇಳಿಯುತ್ತಾಳಂತೆ. ನಾನು ಬದನೆ ಸುಟ್ಟು ತರಬೇಕು, ಉಪ್ಪನ್ನು ಅವಳು ಅಲ್ಲೇ ಹಾಕುತ್ತಾಳಂತೆ.