ಬೀಗ ಮೊದಲು, ಹುಡುಕಾಟ ಆಮೇಲೆ

2008ರ ಸೆಪ್ಟೆಂಬರಿನಲ್ಲಿ ಲಿನಕ್ಸ್ 2.6.27ರ ಪರೀಕ್ಷಾ ಆವೃತ್ತಿಗಳನ್ನು ಹಾಕಿಕೊಂಡ ಕೆಲವರ ಕಂಪ್ಯೂಟರುಗಳಲ್ಲಿ ನೆಟ್‌ವರ್ಕ್ ಸತ್ತುಹೋಯಿತು. ಹಳೆಯ ಆವೃತ್ತಿಗೆ ಮರಳಿದರೂ ಅದು ಬದುಕಲಿಲ್ಲ. ಕೆಟ್ಟದ್ದು ಡಿಸ್ಕಿನಲ್ಲಿದ್ದ ತಂತ್ರಾಂಶವಲ್ಲ. ಮದರ್‌ಬೋರ್ಡಿನಲ್ಲೇ ಕೂತಿದ್ದ ಇಂಟೆಲ್ ಗಿಗಾಬಿಟ್ ಅಡಾಪ್ಟರಿನ ಸ್ವಂತ ನೆನಪು. ಕಿತ್ತು ಬೇರೆಯದನ್ನು ಹಾಕೋಣವೆಂದರೆ ಅದು ಬಿಡಿ ಕಾರ್ಡೂ ಅಲ್ಲ.

ಕರೆಂಟ್ ಹೋದರೂ ಅಳಿಯದ ಈ ನೆನಪಿನ ಮೊದಲ ಆರು ಬೈಟ್‌ಗಳೇ ಅಡಾಪ್ಟರಿನ ಮ್ಯಾಕ್ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಅದರ ಗುರುತು. ಮೊದಲ 64 ಪದಗಳನ್ನು, ಅಂದರೆ ಎರಡೆರಡು ಬೈಟ್‌ಗಳ ಸಂಖ್ಯೆಗಳನ್ನು, ಕೂಡಿ ಕೊನೆಯ 16 ಬಿಟ್ ಉಳಿಸಿಕೊಂಡರೆ 47802 ಬರಬೇಕು. ಬಾರದಿದ್ದರೆ ಇ1000ಇ ಎಂಬ ಡ್ರೈವರ್ ಆ ಅಡಾಪ್ಟರನ್ನು ಮುಟ್ಟುವುದೇ ಇಲ್ಲ.

ಎಲ್ಲರ ಅನುಮಾನವೂ ಸಹಜವಾಗಿ ಆ ಡ್ರೈವರಿನ ಮೇಲೇ ಬಿತ್ತು. ಕಾರಣ ಇನ್ನೂ ತಿಳಿದಿರಲಿಲ್ಲ. ಉಬುಂಟು ಎಂಬ ಲಿನಕ್ಸ್ ವಿತರಣೆ ತನ್ನ ಪರೀಕ್ಷಾ ಆವೃತ್ತಿಯಲ್ಲಿ ಡ್ರೈವರನ್ನೇ ನಿಲ್ಲಿಸಿತು. ಇಂಟೆಲ್ ಎಂಜಿನಿಯರುಗಳು ಆ ನೆನಪಿಗೆ ಯಾರೂ ಬರೆಯದಂತೆ ಬೀಗ ಹಾಕುವ ತಿದ್ದುಪಡಿ ಕಳಿಸಿದರು. ತಪ್ಪು ಯಾರದೆಂಬ ತೀರ್ಮಾನಕ್ಕೆ ಕಾಯದೆ ಮೊದಲು ಉಳಿದ ಯಂತ್ರಗಳನ್ನು ಕಾಪಾಡಿದ ಈ ವಿವೇಕ ನನಗೆ ಬಹಳ ದೊಡ್ಡದೆನಿಸುತ್ತದೆ.

ನಿಜವಾದ ಕಾರಣ ಎಫ್‌ಟ್ರೇಸ್ ಎಂಬ, ನೆಟ್‌ವರ್ಕಿಗೆ ಸಂಬಂಧವೇ ಇಲ್ಲದ ಸಾಧನ. ಕರ್ನೆಲ್ಲಿನ, ಅಂದರೆ ಲಿನಕ್ಸಿನ ತಿರುಳಿನ, ಕೆಲಸವನ್ನು ಹಿಂಬಾಲಿಸಿ ನೋಡುವುದು ಅದರ ಉದ್ದೇಶ. ಅದಕ್ಕಾಗಿ ಕರ್ನೆಲ್ಲಿನ ಕೋಡನ್ನು ಎಲ್ಲೆಲ್ಲಿ ತಿದ್ದಬೇಕೆಂಬ ವಿಳಾಸಗಳ ಪಟ್ಟಿಯೊಂದನ್ನು ಇಟ್ಟುಕೊಂಡಿತ್ತು. ಆ ಜಾಗಗಳಲ್ಲಿ ಕೆಲವು ಅಷ್ಟರಲ್ಲಿ ಖಾಲಿಯಾಗಿ, ಅಡಾಪ್ಟರಿನ ನೆನಪಿಗೆ ಹೋಗುವ ದಾರಿಯಾಗಿ ಬದಲಾಗಿದ್ದವು. ಬಾಡಿಗೆದಾರ ಬಿಟ್ಟುಹೋದ ಮನೆಗೆ ಹಳೆಯ ಪಟ್ಟಿ ಹಿಡಿದು ಬಂದವನಂತೆ ಎಫ್‌ಟ್ರೇಸ್ ಅಲ್ಲಿಗೆ ಹೋಗುತ್ತಿತ್ತು. ತಿದ್ದುವ ಮೊದಲು ಅಲ್ಲಿರುವುದು ತಾನು ನಿರೀಕ್ಷಿಸಿದ್ದೇ ಎಂದು ಅದು ಹೋಲಿಸಿ ನೋಡುತ್ತಿತ್ತು, ನಿಜ. ಆದರೆ ಹೋಲಿಕೆ ತಪ್ಪಿದರೂ, ಓದಿದ್ದನ್ನೇ ತಿರುಗಿ ಬರೆಯುವುದು ಅದು ಬಳಸಿದ ಪ್ರೊಸೆಸರ್ ಸೂಚನೆಯ ಸ್ವಭಾವ. ಸಾಮಾನ್ಯ ಮೆಮೊರಿಯಲ್ಲಿ ಇದರಿಂದ ಏನೂ ಆಗದು. ಅಡಾಪ್ಟರಿನ ಬಾಗಿಲಲ್ಲಿ ಅದೇ ಘಾತಕವಾಯಿತು.  ಅಕ್ಟೋಬರಿನಲ್ಲಿ ಬಂದ 2.6.27.1ರಲ್ಲಿ ಎಫ್‌ಟ್ರೇಸಿನ ಈ ತಿದ್ದುವ ಸೌಲಭ್ಯವನ್ನು ನಿಲ್ಲಿಸಲಾಯಿತು.

ಕೆಟ್ಟ ಅಡಾಪ್ಟರುಗಳ ಮಾತೇನು? ಯಂತ್ರ ಚೆನ್ನಾಗಿದ್ದಾಗ ‘ಈಥ್‌ಟೂಲ್ -ಇ’ ಆಜ್ಞೆಯಿಂದ ಆ ನೆನಪಿನ ಪ್ರತಿ ತೆಗೆದಿಟ್ಟವರು ಮೊತ್ತದ ಪರೀಕ್ಷೆಯನ್ನು ಬಿಟ್ಟುಬಿಡುವಂತೆ ಬದಲಿಸಿದ ಡ್ರೈವರಿನ ಮೂಲಕ ಅದನ್ನೇ ತಿರುಗಿ ಬರೆಯಬಹುದು. ಪ್ರತಿ ಇಲ್ಲದವರಿಗೆ ಅದೇ ಮಾದರಿಯ ಇನ್ನೊಂದು ಯಂತ್ರದ ಪ್ರತಿಯೇ ಗತಿ. ಆದರೆ ಅದನ್ನು ಹಾಗೆಯೇ ಬರೆದರೆ ಒಂದೇ ಮ್ಯಾಕ್ ವಿಳಾಸದ ಎರಡು ಯಂತ್ರಗಳಾಗುತ್ತವೆ. ತಮ್ಮ ವಿಳಾಸವನ್ನು ಯಂತ್ರದ ಮೇಲಂಟಿಸಿದ ಚೀಟಿಯಿಂದಲೋ ರೂಟರಿನ ಹಳೆಯ ದಾಖಲೆಯಿಂದಲೋ ಹುಡುಕಿ ಸೇರಿಸಬೇಕು, ಮೊತ್ತ ಮತ್ತೆ 47802 ಆಗುವಂತೆ ಚೆಕ್‌ಸಮ್ ಎಂಬ ತಾಳೆ ಸಂಖ್ಯೆಯನ್ನು ಸರಿಪಡಿಸಬೇಕು. ಬೀಗವಿರುವ ಹೊಸ ಡ್ರೈವರಿನಲ್ಲಿ ಇನ್ನೂ ಒಂದು ಹೆಜ್ಜೆಯಿದೆ: ದುರಸ್ತಿಗೆ ಬಂದವರಿಗೂ ಆ ಬೀಗ ತಾನಾಗಿ ತೆರೆಯದು. ಡ್ರೈವರನ್ನು ಲೋಡ್ ಮಾಡುವಾಗಲೇ ‘ರೈಟ್‌ಪ್ರೊಟೆಕ್ಟ್‌ಎನ್‌ವಿಎಂ’ ಸೊನ್ನೆ ಎಂದು ಬರೆದು ಹೇಳಬೇಕು.