ಸಾಕು ಎನ್ನುವವರು ಯಾರು?

‘ಸಾಕು’ ಎಂಬ ಮಾತಿಗೆ ಎರಡು ಮುಖಗಳಿವೆ. ಎಲೆಯ ಮುಂದೆ ಕೂತವರು ತಾವೇ ಕೈ ಅಡ್ಡ ಹಿಡಿದು ‘ಸಾಕು’ ಎಂದರೆ ಅದು ತೃಪ್ತಿ. ಬಡಿಸುವವರು ಸೌಟನ್ನು ಹಿಂದಕ್ಕೆಳೆದು ‘ನಿನಗಿಷ್ಟು ಸಾಕು’ ಎಂದರೆ ಅದು ಬೇರೆಯೇ ಮಾತು. ಶಬ್ದ ಒಂದೇ, ಆಡುವ ಬಾಯಿ ಬದಲಾದರೆ ಅದರ ನ್ಯಾಯವೂ ಬದಲಾಗುತ್ತದೆ. ಇಷ್ಟು ದೊಡ್ಡ ವಿಚಾರವನ್ನು ನಾನು ಒಂದು ಟ್ಯಾಬ್ಲೆಟ್ಟಿಗಾಗಿ ಎತ್ತುತ್ತಿದ್ದೇನೆ ಎಂದರೆ ನೀವು ನಗಬಹುದು. ರಕ್ತದೊತ್ತಡದ ಮಾತ್ರೆಯಲ್ಲ, ಮೊಬೈಲಿಗಿಂತ ದೊಡ್ಡದಾದ, ಕಂಪ್ಯೂಟರಿಗಿಂತ ಚಿಕ್ಕದಾದ ಆ ಹೊಸ ಕಾಲದ ಹಲಗೆ.

ನಮ್ಮ ಅತ್ತಿಗೆಗೆ ಅಂಥದೊಂದನ್ನು ಕೊಳ್ಳುವ ಮಾತು ಬಂದಾಗ ಮನೆಯಲ್ಲಿ ಮೊದಲು ಎದ್ದ ಪ್ರಶ್ನೆ ‘ಅವರಿಗೆ ಏನು ಬೇಕು?’ ಎಂದಲ್ಲ, ‘ಅವರಿಗೆ ಎಷ್ಟು ಸಾಕು?’ ಎಂದು. “ಅಮ್ಮ ಅಡುಗೆ ವಿಡಿಯೋ ನೋಡ್ತಾರೆ, ಅಷ್ಟೇ ತಾನೆ? 8 ಇಂಚಿನದು ಧಾರಾಳವಾಯ್ತು” ಎಂದ ಮಗ. ಅವನು ಕೆಟ್ಟವನಲ್ಲ, ಜಿಪುಣನೂ ಅಲ್ಲ. ಅತ್ತಿಗೆ ಎಂದಿನಂತೆ “ನಂಗೇನು ಗೊತ್ತು, ನೀವೇ ನೋಡಿ” ಎಂದರು. ನಮ್ಮಲ್ಲಿ ಎಷ್ಟು ಹೆಂಗಸರು ಈ ಒಂದು ವಾಕ್ಯವನ್ನು ಹೇಳಿಕೊಂಡೇ ಸಂಸಾರ ಮಾಡಿದ್ದಾರೆ!

ಮಾರನೆಯ ದಿನ ಇಬ್ಬರೂ ಅವರೆಕಾಯಿ ಸುಲಿಯುತ್ತ ಕೂತಾಗ ನಾನು ಕೇಳಿದೆ: “ಅತ್ತಿಗೆ, ನಿಜವಾಗಿ ಹೇಳಿ, ಅದರಲ್ಲಿ ನಿಮಗೇನು ಮಾಡಬೇಕು ಅಂತಿದೆ?” ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಹೇಳಿದರು: “ನನ್ನ ಹಾಡಿನ ಪುಸ್ತಕ ನಾಲ್ಕಿವೆಯಲ್ಲ, ಶಾಯಿ ಹರಡಿ ಅಳಿಸಿ ಹೋಗ್ತಿದೆ ಕಣೇ. ಅವನ್ನ ಅದರೊಳಗೆ ಇಟ್ಟು, ಎದುರಿಗಿಟ್ಟುಕೊಂಡು ಹಾಡೋಕಾಗತ್ತಾ?” ಹಸೆಯ ಹಾಡು, ಆರತಿ ಹಾಡು, ಬೀಗರನ್ನು ಛೇಡಿಸುವ ಹಾಡು, ಎಲ್ಲ ಅವರ ಅತ್ತೆಯಿಂದ ಕೇಳಿ ಬರೆದುಕೊಂಡವು. ಅಡುಗೆ ವಿಡಿಯೋದ ಪ್ರಸ್ತಾಪವೇ ಅವರ ಬಾಯಲ್ಲಿ ಬರಲಿಲ್ಲ.

ಪರದೆಯ ಇಂಚನ್ನು ಮೂಲೆಯಿಂದ ಎದುರು ಮೂಲೆಗೆ ಅಳೆಯುತ್ತಾರೆ. ಹಾಗಾಗಿ 8 ಮತ್ತು 11 ಇಂಚಿನ ನಡುವೆ ಮೂರೇ ಇಂಚು ಎಂದು ತೋರಿದರೂ, ಆಕಾರ ಒಂದೇ ಇದ್ದರೆ ಎರಡನೆಯದರ ವಿಸ್ತಾರ ಹೆಚ್ಚುಕಡಿಮೆ ಎರಡರಷ್ಟು. ನಮ್ಮ ಅಕ್ಷರಗಳಿಗೆ ಕೆಳಗೆ ಒತ್ತು, ಮೇಲೆ ಗುಡಿಸು. ಅರವತ್ತು ದಾಟಿದ ಕಣ್ಣಿಗೆ ಅವು ಬಿಡಿಬಿಡಿಯಾಗಿ ಕಾಣಬೇಕಾದರೆ ಅಕ್ಷರ ದೊಡ್ಡದಾಗಬೇಕು. ಅಕ್ಷರ ದೊಡ್ಡದಾದರೆ ಚಿಕ್ಕ ಪರದೆಯಲ್ಲಿ ಹಾಡಿನ ಒಂದು ನುಡಿಯೂ ಪೂರ್ತಿ ನಿಲ್ಲದು. ಆದರೆ ತೂಕದ ಲೆಕ್ಕವೂ ಇದೆ. 8 ಇಂಚಿನದು ಸುಮಾರು 300 ಗ್ರಾಂ. 11 ಇಂಚಿನದಕ್ಕೆ ಕವರು ಹಾಕಿದರೆ ಅರ್ಧ ಲೀಟರಿನ ಹಾಲಿನ ಪ್ಯಾಕೆಟ್ಟಿಗಿಂತ ಭಾರ. ಮಲಗಿ ಕಾದಂಬರಿ ಓದುವವರಿಗೆ, ಬಸ್ಸಿನಲ್ಲಿ ಓಡಾಡುವವರಿಗೆ ಚಿಕ್ಕದೇ ಹಿತ. ಮೇಜಿನ ಮೇಲೆ ನಿಲ್ಲಿಸಿ ನೋಡುವವರಿಗೆ ದೊಡ್ಡದು.

ಇಲ್ಲಿ ಒಂದು ಹಳೆಯ ಸಂಗತಿ ನೆನಪಾಗುತ್ತದೆ. 2010ರಲ್ಲಿ ಆಪಲ್ ಸಂಸ್ಥೆಯ ಮೊದಲ ಐಪ್ಯಾಡ್ ಬಂದಾಗ ಅದರ ಪರದೆ 9.7 ಇಂಚು, ತೂಕ 680 ಗ್ರಾಂ. ಬೇರೆಯವರು 7 ಇಂಚಿನವನ್ನು ತಂದಾಗ, ಅವನ್ನು ಬಳಸಲು ಬೆರಳುಗಳನ್ನೇ ಉಜ್ಜಿ ಸಣ್ಣದು ಮಾಡಿಕೊಳ್ಳಬೇಕು ಎಂದು ಸ್ಟೀವ್ ಜಾಬ್ಸ್ ಹಾಸ್ಯ ಮಾಡಿದ್ದರು. ಅವರು ತೀರಿಕೊಂಡ ಮರುವರ್ಷ, 2012ರಲ್ಲಿ, ಅದೇ ಸಂಸ್ಥೆ 7.9 ಇಂಚಿನ ಐಪ್ಯಾಡ್ ಮಿನಿಯನ್ನು ತಂದಿತು; ಜನ ಕೊಂಡರು. ಅಂಥ ಜಾಣರಿಗೂ ಇನ್ನೊಬ್ಬರ ಕೈಯ ಅಳತೆಯನ್ನು ದೂರದಿಂದ ಹೇಳಲಾಗಲಿಲ್ಲ ಎಂದಮೇಲೆ ನಮ್ಮ ನಿಮ್ಮ ಪಾಡೇನು?

ಗಾತ್ರವಾದ ಮೇಲೆ ಇನ್ನೊಂದು ಪ್ರಶ್ನೆ: ಐಪ್ಯಾಡೋ, ಆಂಡ್ರಾಯ್ಡೋ? ಇದು ನನಗೆ ಹೆಣ್ಣನ್ನು ಕೊಡುವ ಮನೆಯನ್ನು ನೋಡಿದಂತೆಯೇ ಕಾಣುತ್ತದೆ. ಒಮ್ಮೆ ಹೊಕ್ಕರೆ ಅಲ್ಲಿಯ ನಡೆನುಡಿಗೇ ಒಗ್ಗಬೇಕು. ಒಂದರಲ್ಲಿ ದುಡ್ಡು ಕೊಟ್ಟು ಕೊಂಡ ಆ್ಯಪು ಇನ್ನೊಂದಕ್ಕೆ ಬರುವುದಿಲ್ಲ. ದಿನಬಳಕೆಯ ವಾಟ್ಸ್‌ಆ್ಯಪ್ ಕೂಡ ಐಪ್ಯಾಡಿಗೆಂದೇ ಸಿದ್ಧವಾಗಿ ಬಂದದ್ದು 2025ರಲ್ಲಿ. ಅಗ್ಗದ್ದೆಂದು ತಂದರೆ ಕೆಲವಕ್ಕೆ ಭದ್ರತೆಯ ಪರಿಷ್ಕರಣೆ ಬೇಗ ನಿಂತುಬಿಡುತ್ತದೆ. ಆಮೇಲೆ ಬ್ಯಾಂಕಿನ ಆ್ಯಪು ‘ಇದರಲ್ಲಿ ನಡೆಯುವುದಿಲ್ಲ’ ಎನ್ನಬಹುದು. ಎಷ್ಟು ವರ್ಷ ಪರಿಷ್ಕರಣೆ ಸಿಗುತ್ತದೆಂದು ಅಂಗಡಿಯಲ್ಲೇ ಕೇಳುವುದು ಕ್ಷೇಮ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹಿಂದಿನವರು ಸ್ತ್ರೀಧನ ಎಂಬ ಒಂದು ಒಳ್ಳೆಯ ಕಲ್ಪನೆಯನ್ನು ಇಟ್ಟಿದ್ದರು. ಎಲ್ಲಿ ಹೋದರೂ ಅದು ಅವಳದು. ಈ ಹಲಗೆಯೊಳಗೆ ಇಟ್ಟದ್ದರಲ್ಲಿ ನಮ್ಮ ಸ್ತ್ರೀಧನ ಯಾವುದು? 2009ರಲ್ಲಿ ಅಮೆಜಾನ್ ಸಂಸ್ಥೆ, ಮಾರಿದವರಿಗೆ ಹಕ್ಕಿರಲಿಲ್ಲವೆಂದು, ಜಾರ್ಜ್ ಆರ್ವೆಲ್ಲನ ಎರಡು ಕೃತಿಗಳನ್ನು ಜನ ಕೊಂಡಿದ್ದ ಕಿಂಡಲ್‌ಗಳಿಂದಲೇ ದೂರದಿಂದ ಅಳಿಸಿಹಾಕಿತು. ಹಣವನ್ನು ಹಿಂದಿರುಗಿಸಿತು, ನಿಜ. ಆದರೂ ನಮ್ಮ ಕಪಾಟಿನ ಪುಸ್ತಕವನ್ನು ಅಂಗಡಿಯವನು ರಾತ್ರಿ ಬಂದು ಒಯ್ದು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ನಾವು ಸುಮ್ಮನಿರುತ್ತೇವೆಯೇ?

ಅದು ದೂರದ ಮಾತು. ಹತ್ತಿರದ್ದು ಇನ್ನೂ ಸೂಕ್ಷ್ಮ. ಎಷ್ಟೋ ಮನೆಗಳಲ್ಲಿ ತಾಯಿಯ ಟ್ಯಾಬ್ ತೆರೆದುಕೊಳ್ಳುವುದು ಮಗನ ಹೆಸರಿನ ಖಾತೆಯಲ್ಲಿ. ಪಾಸ್‌ವರ್ಡ್ ಅವನ ಬಳಿ. ಅವನಿರುವುದು ಪುಣೆಯಲ್ಲೋ ಅಮೆರಿಕದಲ್ಲೋ. ಅವಳು ತೆಗೆದ ಚಿತ್ರ, ಬರೆದ ಟಿಪ್ಪಣಿ ಅವನ ಖಾತೆಗೆ ಸೇರುತ್ತವೆ. ಯಾರಿಗೂ ಇದರಲ್ಲಿ ದುರುದ್ದೇಶವಿಲ್ಲ, ಅನುಕೂಲ ಅಷ್ಟೆ. ಹೆಂಗಸರ ಹೆಸರು ಮನೆಯ ಪತ್ರಗಳಲ್ಲಿ ಇಲ್ಲದೇ ಹೋದದ್ದೂ ಹೆಚ್ಚಾಗಿ ಈ ‘ಅನುಕೂಲ’ದ ಕಾರಣಕ್ಕೇ ಅಲ್ಲವೆ?

ಹಾಗೆಂದು ಎಲ್ಲರಿಗೂ ದೊಡ್ಡದನ್ನೂ ದುಬಾರಿಯದನ್ನೂ ತಂದುಕೊಟ್ಟರೆ ನ್ಯಾಯವಾಯಿತು ಎಂದು ನಾನು ಹೇಳುತ್ತಿಲ್ಲ. ನನಗೆ ತಿಳಿದ ಒಂದು ಮನೆಯಲ್ಲಿ ಮಗಳು ಪ್ರೀತಿಯಿಂದ ಕಳಿಸಿದ ಬೆಲೆಬಾಳುವ ಟ್ಯಾಬ್ ರೇಷ್ಮೆ ಸೀರೆಯ ಮಡಿಕೆಯೊಳಗೆ ಮಲಗಿದೆ. ‘ಹಾಳಾದೀತು’ ಎಂಬ ಭಯ. ಕಡಿಮೆ ಕೊಟ್ಟವನೂ ಹೆಚ್ಚು ಕೊಟ್ಟವಳೂ ಒಂದೇ ಪ್ರಶ್ನೆಯನ್ನು ಕೇಳದೆ ಬಿಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವ ಗಾದೆ ಸರಿಯೇ. ಆದರೆ ಹಾಸಿಗೆ ಹೊಲಿಸುವಾಗ ಮಲಗುವವರನ್ನು ಒಮ್ಮೆಯಾದರೂ ಕರೆದು ಅಳತೆ ನೋಡಬೇಡವೆ?

ನಾವು ಅತ್ತಿಗೆಯನ್ನೇ ಅಂಗಡಿಗೆ ಕರೆದುಕೊಂಡು ಹೋದೆವು. ಎರಡು ಅಳತೆಯವನ್ನೂ ಹಿಡಿದು, ಹಾಡಿನ ಪುಸ್ತಕದ ಒಂದು ಪುಟದ ಚಿತ್ರವನ್ನು ಎರಡರಲ್ಲೂ ತೆರೆಸಿ, ಅರ್ಧ ಗಂಟೆ ನೋಡಿದರು. ಕೈಯಲ್ಲಿದ್ದ ಫೋನು ಆಂಡ್ರಾಯ್ಡ್ ಆದ್ದರಿಂದ ರೂಢಿ ತಪ್ಪದಿರಲೆಂದು ಅದನ್ನೇ ಹೇಳಿದರು. 11 ಇಂಚಿನದು, ನಿಲ್ಲಿಸುವ ಕವರಿನ ಸಮೇತ. ದುಡ್ಡು ಕೊಟ್ಟವನು ಮಗನೇ. ಖಾತೆ ಮಾತ್ರ ಅತ್ತಿಗೆಯ ಹೆಸರಿನಲ್ಲಿ, ಅವರೇ ಆರಿಸಿದ ಪಾಸ್‌ವರ್ಡಿನಲ್ಲಿ. ಹಣ ಕೊಡುವುದು ಒಂದು ಉಪಕಾರ. ಅಳತೆ ನಿರ್ಧರಿಸುವುದು ಇನ್ನೊಂದು ಅಧಿಕಾರ. ಮೊದಲನೆಯದು ಎರಡನೆಯದನ್ನು ತಾನಾಗಿ ತಂದುಕೊಡಬೇಕಾಗಿಲ್ಲ.

ಮಿತವಾಗಿ ಬದುಕುವುದು ದೊಡ್ಡ ಗುಣ ಎಂದು ನಾನೂ ನಂಬುತ್ತೇನೆ. ಆದರೆ ಆ ಗುಣವನ್ನು ಇನ್ನೊಬ್ಬರ ಪರವಾಗಿ ಆಚರಿಸಲು ಬರುವುದಿಲ್ಲ. ‘ಬೇಕು’ ಎಂದು ಹೇಳಲು ಅವಕಾಶವಿದ್ದವರ ಬಾಯಲ್ಲಿ ಮಾತ್ರ ‘ಸಾಕು’ ಎಂಬುದಕ್ಕೆ ಬೆಲೆ. ಉಳಿದವರದ್ದು ತೃಪ್ತಿಯಲ್ಲ, ಬರೀ ಅಭ್ಯಾಸ.