ತಿಳಿದ ಮಾತು, ಹೇಳಬೇಕಾದ ಹೊತ್ತು

ಅರ್ಧ ಗೊತ್ತಿರುವ ಸಂಗತಿಯನ್ನು ಯಾವಾಗ ಹೇಳಬೇಕು, ಯಾವಾಗ ಸುಮ್ಮನಿರಬೇಕು? ಹೆಣ್ಣು ನೋಡಲು ಬಂದವರು ಹುಡುಗಿಯ ಬಗ್ಗೆ ನಮ್ಮನ್ನು ವಿಚಾರಿಸಿದಾಗ ಈ ಪ್ರಶ್ನೆ ನಮ್ಮೆದುರು ನಿಲ್ಲುತ್ತದೆ. ವಿಜ್ಞಾನಿಗಳಿಗೂ ಇದು ತಪ್ಪಿದ್ದಲ್ಲ.

ಸೂರ್ಯನಿಂದ ಸದಾ ಹೊರಬೀಸುವ ಸೌರಮಾರುತವು ಗ್ರಹಗಳ ಸುತ್ತ ದೊಡ್ಡ ಗುಳ್ಳೆಯಂತೆ ಹರಡಿದೆ. ನಕ್ಷತ್ರಗಳ ಕಡೆಯಿಂದ ಬರುವ ವಿಶ್ವಕಿರಣಗಳಲ್ಲಿ ಬಹುಪಾಲನ್ನು ಅದು ತಡೆಯುತ್ತದೆ. ಸೂರ್ಯನಿಂದ ದೂರ ಸರಿದಂತೆ ಈ ಕಿರಣಗಳು ಹೆಚ್ಚುತ್ತವೆ. ಸುಮಾರು 11 ವರ್ಷಗಳಿಗೊಮ್ಮೆ ಸೂರ್ಯ ಉಗ್ರವಾದಾಗ ಕುಗ್ಗುತ್ತವೆ.

1977ರಲ್ಲಿ ನಾಸಾ ಹಾರಿಸಿದ ವಾಯೇಜರ್-1 ನೌಕೆ 2012ರ ಆಗಸ್ಟ್ 25ರಂದು ಒಂದು ವಿಚಿತ್ರವನ್ನು ಕಂಡಿತು. ಭೂಮಿ-ಸೂರ್ಯರ ನಡುವಿನ ಅಂತರದ ಸುಮಾರು 121 ಪಟ್ಟು ದೂರದಲ್ಲಿ ಸೂರ್ಯನ ಕಡೆಯ ಕಣಗಳು ಏಕಾಏಕಿ ಇಲ್ಲವಾಗಿ, ವಿಶ್ವಕಿರಣಗಳು ಏರಿದವು. ಗಡಿ ದಾಟಿತೆನ್ನಲು ಇನ್ನೇನು ಬೇಕು? ಆದರೆ ಯೋಜನೆಯ ಮುಖ್ಯ ವಿಜ್ಞಾನಿ ಎಡ್ವರ್ಡ್ ಸ್ಟೋನ್ ಹಾಗೆನ್ನಲಿಲ್ಲ. ಗಡಿಯಾಚೆ ಕಾಂತಕ್ಷೇತ್ರದ ದಿಕ್ಕು ಬದಲಾಗಬೇಕೆಂಬುದು ನಿರೀಕ್ಷೆ, ಅದು ಬದಲಾಗಿರಲಿಲ್ಲ. ಪ್ಲಾಸ್ಮಾವನ್ನು ನೇರವಾಗಿ ಅಳೆಯುವ ಉಪಕರಣ 1980ರಲ್ಲೇ ಕೆಟ್ಟಿತ್ತು. 2013ರ ಮಾರ್ಚ್‌ನಲ್ಲಿ ನೌಕೆ ಗುಳ್ಳೆಯ ಗಡಿ ದಾಟಿತೆಂಬ ಸುದ್ದಿ ಹಬ್ಬಿದಾಗ, ಇನ್ನೂ ಇಲ್ಲ ಎಂದು ಅವರು ಅಂದೇ ತಿಳಿಸಿದರು.

2012ರ ಮಾರ್ಚ್‌ನಲ್ಲಿ ಸೂರ್ಯನಲ್ಲಾದ ಸ್ಫೋಟದ ಅಲೆ 13 ತಿಂಗಳು ಪಯಣಿಸಿ ನೌಕೆಯನ್ನು ಮುಟ್ಟಿತು. ಸುತ್ತಲಿನ ಪ್ಲಾಸ್ಮಾ ಕಂಪಿಸಿತು. ಆ ಕಂಪನದಿಂದ ಸಾಂದ್ರತೆಯನ್ನು ಲೆಕ್ಕಹಾಕಿದರು: ಗುಳ್ಳೆಯೊಳಗಿನದಕ್ಕಿಂತ ಸುಮಾರು 40 ಪಟ್ಟು. 2013ರ ಸೆಪ್ಟೆಂಬರ್ 12ರಂದು ನಾಸಾ ಘೋಷಿಸಿತು: ನೌಕೆ ದಾಟಿದೆ, ಒಂದು ವರ್ಷದ ಹಿಂದೆಯೇ.

ಹಾಗಾದರೆ ಮಾರ್ಚ್‌ನ ಸುದ್ದಿ ನಿಜವೇ ಆಗಿತ್ತಲ್ಲ! ಹೌದು. ಆದರೂ ಅಂದು ಅದನ್ನು ಖಚಿತವೆಂದು ಸಾರುವಷ್ಟು ಆಧಾರ ಕೈಯಲ್ಲಿರಲಿಲ್ಲ. ಊಹೆ ನಿಜವಾದ ಮಾತ್ರಕ್ಕೆ ಅದನ್ನು ಸಾಕ್ಷ್ಯವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಅದೃಷ್ಟಕ್ಕೆ ಸರಿಹೋದ ಗಾಳಿಮಾತನ್ನು ಆಡಿದವರು ಮುಂದೆ ಇನ್ನೊಂದನ್ನೂ ಅಷ್ಟೇ ಧೈರ್ಯದಿಂದ ಆಡುತ್ತಾರೆ.

ಇದರಲ್ಲಿ ಇನ್ನೊಂದು ಮುಖವೂ ಇದೆ, ಓದುಗರೇ. ಘೋಷಿಸಿದ ದಿನವೂ ಕಾಂತಕ್ಷೇತ್ರದ ದಿಕ್ಕು ಬದಲಾಗಿರಲಿಲ್ಲ. ಕೆಲವು ವಿಜ್ಞಾನಿಗಳು ಆಗಲೂ ಒಪ್ಪಲಿಲ್ಲ. ಸ್ಟೋನ್ ಮಾತ್ರ ತಾವೇ ಕೇಳಿದ್ದ ಗುರುತನ್ನು ಕೈಬಿಟ್ಟು, ಬೇರೆ ದಾರಿಯಿಂದ ಬಂದ ಬಲವಾದ ಪುರಾವೆಗೆ ತಲೆಬಾಗಿದರು. ಕಾಯುವುದಕ್ಕಿಂತ ಇದೇ ಕಷ್ಟವೆಂದು ನನಗನಿಸುತ್ತದೆ. ಎಚ್ಚರಿಕೆಯ ಹೆಸರಿನಲ್ಲಿ ಸತ್ಯವನ್ನು ಮುಂದೂಡುತ್ತಲೇ ಇರುವವರನ್ನು ನಾವು ಕಂಡಿಲ್ಲವೇ?

2018ರ ನವೆಂಬರ್ 5ರಂದು ವಾಯೇಜರ್-2 ಅದೇ ಗಡಿಯನ್ನು ದಾಟಿತು. ಅದರ ಪ್ಲಾಸ್ಮಾ ಉಪಕರಣ ಕೆಟ್ಟಿರಲಿಲ್ಲ. ಬದಲಾವಣೆಯನ್ನು ನೇರವಾಗಿ ಅಳೆಯಿತು. ಕಾಂತಕ್ಷೇತ್ರದ ದಿಕ್ಕು ಅಲ್ಲಿಯೂ ಹೆಚ್ಚೇನೂ ಬದಲಾಗಲಿಲ್ಲ.